ಬ್ರೇಕರ್ ಆಫ್ ಆದಮೇಲೂ ಅರ್ಥ್ ಯಾಕೆ ಹಾಕಬೇಕು?

ಪ್ರಶ್ನೆ: ಐಟಿಐ ಮುಗಿಸಿ ತುಮಕೂರು ಜಿಲ್ಲೆಯ ಒಂದು 66/11 ಕೆವಿ ಸ್ಟೇಷನ್‌ನಲ್ಲಿ ಏಜೆನ್ಸಿ ಮೂಲಕ ಶಿಫ್ಟ್ ಆಪರೇಟರ್ ಆಗಿ ಸೇರಿದ್ದೇನೆ. ಫೀಡರ್‌ಗೆ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ಕೊಡುವಾಗ ಬ್ರೇಕರ್ ಟ್ರಿಪ್ ಮಾಡಿ, ಅದು ಕೂತಿರುವ ಟ್ರಾಲಿ ಹೊರಗೆ ಎಳೆಯುತ್ತೇವೆ. 66 ಕೆವಿ ಲೈನ್ ಆದರೆ ಐಸೋಲೇಟರ್ (ಲೈನನ್ನು ಕಣ್ಣಿಗೆ ಕಾಣುವಂತೆ ಬೇರ್ಪಡಿಸುವ ಬ್ಲೇಡ್ ಸ್ವಿಚ್) ತೆಗೆಯುತ್ತೇವೆ. ಇಷ್ಟಾದ ಮೇಲೂ ಅರ್ಥ್ ಹಾಕಲೇಬೇಕಾ, ಅಂದರೆ ತಂತಿಗಳನ್ನು ನೆಲಕ್ಕೆ ಜೋಡಿಸಲೇಬೇಕಾ? ಹಳಬರು "ಎಲ್ಲಾ ಓಪನ್ ಆದಮೇಲೆ ಕರೆಂಟ್ ಎಲ್ಲಿಂದ ಬರುತ್ತೆ ಹೇಳಪ್ಪ" ಅಂತ ನಗುತ್ತಾರೆ. ಗ್ಲೌಸ್ ಹಾಕಿಕೊಂಡರೆ ಸಾಲದಾ? ಎಲ್‌ಸಿಯನ್ನು ಫೋನಿನಲ್ಲೇ ಕೇಳುತ್ತಾರೆ, ಕೊಡಬಹುದಾ? ಬೇಗ ಚಾರ್ಜ್ ಮಾಡು ಅಂತ ಮೇಲಿನವರು ಒತ್ತಾಯ ಮಾಡಿದರೆ ಏನು ಮಾಡಲಿ?

ಉತ್ತರ: ಹಾಕಲೇಬೇಕು. ಎರಡೇ ನಿಮಿಷದ ಕೆಲಸ ಇದ್ದರೂ ಹಾಕಬೇಕು. ನಿಮ್ಮ ಹಳಬರು ಕೇಳುವ ಪ್ರಶ್ನೆ ಒಳ್ಳೆಯದೇ. ಅದನ್ನು ಕೇಳಿ ನಕ್ಕು ಸುಮ್ಮನಾಗುತ್ತಾರಲ್ಲ, ತಪ್ಪಿರುವುದು ಅಲ್ಲಿ. ಕರೆಂಟ್ ನಿಜವಾಗಿ ಎಲ್ಲೆಲ್ಲಿಂದ ಬರಬಹುದು ಅಂತ ಒಮ್ಮೆ ಕೂತು ಲೆಕ್ಕ ಹಾಕೋಣ.

ಬ್ರೇಕರ್ ಆಫ್ ಮಾಡಿದಿರಿ ಅಂದರೆ ನಿಮ್ಮ ಸ್ಟೇಷನ್‌ನಿಂದ ಹೋಗುವ ಕರೆಂಟ್ ನಿಂತಿದೆ. ಅಷ್ಟೇ. ಆ ಲೈನಿನ ಇನ್ನೊಂದು ತುದಿಯಲ್ಲಿ ಏನಿದೆ ಅನ್ನೋದು ನಿಮಗೆ ಕಂಟ್ರೋಲ್ ರೂಮಿನಿಂದ ಕಾಣುವುದಿಲ್ಲ. ಅಲ್ಲೊಂದು ಕಲ್ಯಾಣ ಮಂಟಪ ಇರಬಹುದು. ಮದುವೆ ದಿನ ಕರೆಂಟ್ ಹೋಯಿತು ಅಂತ ಜನರೇಟರ್ ಶುರು ಮಾಡುತ್ತಾರೆ. ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ಆ ಕರೆಂಟ್ ಸರ್ವಿಸ್ ವೈರಿನಲ್ಲಿ ವಾಪಸ್ ಬಂದು ಟಿಸಿಗೆ (ಊರಿನ ಟ್ರಾನ್ಸ್‌ಫಾರ್ಮರ್‌ಗೆ) ತಲುಪುತ್ತದೆ. ಟಿಸಿಗೆ ಯಾವ ಕಡೆಯಿಂದ ಕೊಟ್ಟರೂ ಒಂದೇ. 11 ಕೆವಿಯನ್ನು 433 ವೋಲ್ಟ್‌ಗೆ ಇಳಿಸುವ ಅದೇ ಟಿಸಿ, ಕೆಳಗಿನಿಂದ 415 ವೋಲ್ಟ್ ಬಂದರೆ ಮೇಲೆ ಹತ್ತು ಸಾವಿರಕ್ಕೂ ಜಾಸ್ತಿ ವೋಲ್ಟ್ ಮಾಡಿ ಕೊಡುತ್ತದೆ. ಕಂಬದ ಮೇಲಿರುವ ಪವರ್‌ಮ್ಯಾನ್‌ಗೆ ಎಲ್‌ಸಿ ಸಿಕ್ಕಿದೆ, ನಿಮ್ಮ ಬ್ರೇಕರ್ ಆಫ್ ಇದೆ, ಟ್ರಾಲಿ ಹೊರಗಿದೆ. ಆದರೂ ಅವನ ಕೈಯಲ್ಲಿರುವ ತಂತಿ ಜೀವಂತ. ಚಾವಣಿ ಸೋಲಾರ್‌ನ ಇನ್ವರ್ಟರ್‌ಗಳು ಗ್ರಿಡ್ ಹೋದಾಗ ತಾವೇ ನಿಲ್ಲುವಂತೆ ಮಾಡಿರುತ್ತಾರೆ, ನಿಜ. ಆದರೆ ಸಾವಿರ ಮನೆಗಳ ಇನ್ವರ್ಟರ್ ಸರಿಯಾಗಿದೆ ಅಂತ ನಂಬಿ ಕಂಬ ಹತ್ತುವುದು ಜಾಣತನ ಅಲ್ಲ.

ನಿಮ್ಮ ಕಡೆ ಇನ್ನೊಂದು ಸಮಸ್ಯೆ ಇದೆ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಹಳ್ಳಿ ಮನೆಗಳಿಗೆ ಒಂದು ಫೀಡರ್ (ಜ್ಯೋತಿ ಫೀಡರ್), ಪಂಪ್‌ಸೆಟ್‌ಗಳಿಗೆ ಇನ್ನೊಂದು ಫೀಡರ್ (ಐಪಿ ಫೀಡರ್) ಆಯಿತು. ಎರಡೂ ಒಂದೇ ದಾರಿಯಲ್ಲಿ ಹೋಗುತ್ತವೆ. ಎಷ್ಟೋ ಕಡೆ ಒಂದರ ಮೇಲೊಂದು ದಾಟುತ್ತವೆ. ಐಪಿ ಫೀಡರ್‌ಗೆ ಎಲ್‌ಸಿ ತಗೊಂಡು ಕೆಲಸ ಮಾಡುತ್ತಿರುವಾಗ ಮೇಲಿನ ಜ್ಯೋತಿ ಫೀಡರ್ ಚಾಲೂ ಇರುತ್ತದೆ. ಗಾಳಿಗೆ ತಂತಿ ತೂಗಿ ತಾಗಿತು, ಇಲ್ಲವೇ ಎಳೆಯುತ್ತಿದ್ದ ಕಂಡಕ್ಟರ್ ಚಿಮ್ಮಿ ಮೇಲಕ್ಕೆ ಹೋಯಿತು ಅಂದರೆ ಮುಗಿಯಿತು. ದಾಟುವ ಜಾಗದಲ್ಲಿ ಕೆಲಸ ಇದ್ದರೆ ಎರಡೂ ಫೀಡರ್‌ಗೆ ಎಲ್‌ಸಿ ಕೇಳಬೇಕು. ಕೇಳದಿದ್ದರೆ ನೀವೇ ಕೇಳಿ: "ಅಲ್ಲಿ ಕ್ರಾಸಿಂಗ್ ಇದೆಯಾ ಅಣ್ಣಾ?" ಆಪರೇಟರ್ ಬಾಯಿಂದ ಬರುವ ಈ ಒಂದು ಪ್ರಶ್ನೆಗೆ ಬೆಲೆ ಕಟ್ಟಲು ಆಗಲ್ಲ.

"ತ್ರೀಫೇಸ್ ಹೋಗಿದೆ" ಅನ್ನೋ ಮಾತನ್ನೂ ನಂಬಬೇಡಿ. ಓಪನ್ ಡೆಲ್ಟಾ ಮಾಡಿ ಸಿಂಗಲ್ ಫೇಸ್ ಕೊಡುವ ಪದ್ಧತಿ ನಮ್ಮಲ್ಲಿ ಬಹಳ ವರ್ಷ ಇತ್ತು. ಆಗ ಮೋಟಾರ್ ತಿರುಗುವುದಿಲ್ಲ, ಆದರೆ ತಂತಿಯಲ್ಲಿ 11 ಕೆವಿ ಇದ್ದೇ ಇರುತ್ತದೆ. ಪಂಪ್ ನಿಂತಿದೆ ಅಂದಮಾತ್ರಕ್ಕೆ ಲೈನ್ ಸತ್ತಿದೆ ಅಂತ ಅಲ್ಲ.

66 ಕೆವಿಗೆ ಬಂದರೆ ಇಂಡಕ್ಷನ್. ಒಂದೇ ಟವರ್ ಮೇಲೆ ಎರಡು ಸರ್ಕ್ಯೂಟ್ ಇದ್ದು, ಒಂದನ್ನು ಎರಡೂ ತುದಿಯಲ್ಲಿ ತೆಗೆದಿದ್ದೀರಿ ಅಂದುಕೊಳ್ಳಿ. ಪಕ್ಕದ ಸರ್ಕ್ಯೂಟ್ ಓಡುತ್ತಲೇ ಇರುತ್ತದೆ. ಯಾವುದಕ್ಕೂ ತಾಗದೆ ಸುಮ್ನೆ ತೂಗುತ್ತಿರುವ ತಂತಿಯಲ್ಲೂ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ತುಂಬಿಕೊಳ್ಳುತ್ತದೆ. ಯಾವ ಬ್ರೇಕರ್, ಯಾವ ಐಸೋಲೇಟರ್ ತೆಗೆದರೂ ಇದು ಹೋಗುವುದಿಲ್ಲ. ಇದಕ್ಕೆ ಮದ್ದು ಅರ್ಥ್ ಒಂದೇ. ಅದೂ ಕೆಲಸ ನಡೆಯುವ ಜಾಗದಲ್ಲೇ. ಸ್ಟೇಷನ್‌ನಲ್ಲಿ ಅರ್ಥ್ ಸ್ವಿಚ್ ಹಾಕಿದೆ ಅಂತ ಹತ್ತು ಕಿಲೋಮೀಟರ್ ಆಚೆ ಟವರ್ ಹತ್ತಿದವನು ಅರ್ಥ್ ಹಾಕದೆ ಕೈ ಇಡುವಂತಿಲ್ಲ. ಇನ್ನು ಸಿಡಿಲು. ಇಲ್ಲಿ ಬಿಸಿಲಿದ್ದರೂ ಲೈನಿನ ಆ ತುದಿಯಲ್ಲಿ ಗುಡುಗು ಇರಬಹುದು.

ಯಾರ್ಡ್ ಒಳಗೇ ಕರೆಂಟ್ ವಾಪಸ್ ಬರುವ ಒಂದು ದಾರಿ ಇದೆ. ಅದನ್ನು ಬಹಳ ಜನ ಮರೆಯುತ್ತಾರೆ. ಅದು ಪಿಟಿ, ಅಂದರೆ ಮೀಟರ್, ರಿಲೇಗಳಿಗಾಗಿ ವೋಲ್ಟೇಜ್ ಇಳಿಸಿ ಕೊಡುವ ಸಣ್ಣ ಟ್ರಾನ್ಸ್‌ಫಾರ್ಮರ್. 66 ಕೆವಿ ಪಿಟಿಯ ಅನುಪಾತ 600ಕ್ಕೆ 1. ಟೆಸ್ಟಿಂಗ್‌ನವರು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೆಕೆಂಡರಿ ಕಡೆ ಬರೀ 10 ವೋಲ್ಟ್ ಕೊಟ್ಟರೂ ಯಾರ್ಡ್‌ನಲ್ಲಿ ಪಿಟಿ ತಲೆಯ ಮೇಲೆ 6,000 ವೋಲ್ಟ್ ಬರುತ್ತದೆ. ಎರಡು ಬಸ್ (ಎಲ್ಲ ಫೀಡರ್‌ಗಳೂ ಬಂದು ಸೇರುವ ಕಂಡಕ್ಟರ್) ಇರುವ ಸ್ಟೇಷನ್‌ಗಳಲ್ಲಿ ಒಂದು ಬಸ್‌ನ ಪಿಟಿ ಸಪ್ಲೈ ಇನ್ನೊಂದರ ಸೆಕೆಂಡರಿಗೆ ಸೆಲೆಕ್ಟರ್ ಸ್ವಿಚ್ ಮೂಲಕ ಸೇರಿಬಿಟ್ಟರೂ ಇದೇ ಕಥೆ. ಆದ್ದರಿಂದ ಬಸ್ ಎಲ್‌ಸಿ ಕೊಡುವಾಗ ಪಿಟಿ ಸೆಕೆಂಡರಿ ಫ್ಯೂಸ್ ಅಥವಾ ಎಂಸಿಬಿ ತೆಗೆದು, ಫ್ಯೂಸ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಇದೆಲ್ಲ ಹೊರಗಿನ ದಾರಿಗಳು. ದೊಡ್ಡ ದಾರಿ ಮನುಷ್ಯನೇ. ಶಿಫ್ಟ್ ಬದಲಾಯಿತು, ಗೊತ್ತಿಲ್ಲದವನು ಬ್ರೇಕರ್ ಹಾಕಿದ. ಎಫ್-3 ಅನ್ನೋ ಬದಲು ಎಫ್-8 ಅಂತ ಕೇಳಿಸಿತು. ಲೈನ್ ಕಡೆ ಇನ್ನೊಂದು ಸ್ಟೇಷನ್‌ನ ಫೀಡರ್ ಜತೆ ಸೇರಿಸುವ ಜಿಒಎಸ್ (ಮೂರೂ ಫೇಸನ್ನು ಒಟ್ಟಿಗೆ ತೆಗೆದು ಹಾಕುವ, ಕಂಬದ ಮೇಲಿನ ಸ್ವಿಚ್) ಇತ್ತು, ಯಾರೋ ಅದನ್ನು ಹಾಕಿದರು. ಆಗ ಏನಾಗುತ್ತದೆ? ಅರ್ಥ್ ಇಲ್ಲದಿದ್ದರೆ ಕರೆಂಟ್‌ಗೆ ಇರುವ ದಾರಿ ಮನುಷ್ಯನ ದೇಹ. ಮೂರು ಫೇಸ್ ಸೇರಿಸಿ ಗಟ್ಟಿಯಾಗಿ ಅರ್ಥ್ ಮಾಡಿದ್ದರೆ ಅದು ನೇರ ಶಾರ್ಟ್. ಫಾಲ್ಟ್ ಗುರುತಿಸುವ ರಿಲೇ ನೋಡುತ್ತದೆ, ಬ್ರೇಕರ್ ಸೆಕೆಂಡಿನ ಸಣ್ಣ ಭಾಗದಲ್ಲಿ ಟ್ರಿಪ್ ಆಗುತ್ತದೆ. ನಿಮಗೆ ಜೋರು ಸದ್ದು ಕೇಳಿಸುತ್ತದೆ, ಮೆಮೊ ಬರುತ್ತದೆ, ಮನುಷ್ಯ ಉಳಿಯುತ್ತಾನೆ.

ಆದರೆ ಅರ್ಥ್ ತಂತಿ ಆ ಹೊಡೆತ ತಡೆಯಬೇಕಲ್ಲ. ನಿಮ್ಮಲ್ಲಿ 12.5 ಎಂವಿಎ ಟ್ರಾನ್ಸ್‌ಫಾರ್ಮರ್ ಇದೆ ಅಂದುಕೊಳ್ಳಿ. 11 ಕೆವಿ ಕಡೆ ಅದರ ಪೂರ್ತಿ ಲೋಡ್ ಕರೆಂಟ್ ಸುಮಾರು 656 ಆಂಪಿಯರ್. ಇಂಪಿಡೆನ್ಸ್ ಶೇಕಡ 10 ಅಂತ ಹಿಡಿದರೆ ಬಸ್ ಹತ್ತಿರ ಶಾರ್ಟ್ ಆದಾಗ ಹರಿಯುವುದು ಆರೂವರೆ ಸಾವಿರ ಆಂಪಿಯರ್. ಈಗ ಹೇಳಿ, ತಂತಿಯ ಮೇಲೆ ಎಸೆದು ಬಿಟ್ಟ ತೆಳು ಜಿಐ ವೈರ್ ಇದನ್ನು ತಡೆಯುತ್ತದಾ? ಬ್ರೇಕರ್ ಟ್ರಿಪ್ ಆಗುವ ಮುಂಚೆಯೇ ಕರಗಿ ಬಿದ್ದುಹೋಗುತ್ತದೆ. ಬೈಂಡಿಂಗ್ ವೈರ್ ಸುತ್ತಿ "ಶಾರ್ಟ್ ಮಾಡಿದೀನಿ" ಅನ್ನೋದನ್ನು ನಾನು ಅರ್ಥಿಂಗ್ ಅಂತ ಒಪ್ಪುವುದೇ ಇಲ್ಲ. ಸರಿಯಾದ ಕ್ಲಾಂಪ್ ಇರುವ ರಾಡ್, ದಪ್ಪ ತಾಮ್ರದ ಎಳೆಗಳ ಲೀಡ್, ಬಿಗಿಯಾದ ಜೋಡಣೆ ಬೇಕು. ಲೀಡ್‌ನ ಎಳೆಗಳು ಕ್ಲಾಂಪ್ ಹತ್ತಿರ ಮುರಿದಿರುತ್ತವೆ. ಮೇಲಿನ ಪ್ಲಾಸ್ಟಿಕ್ ಕವಚದಿಂದ ಅದು ಕಾಣುವುದಿಲ್ಲ. ಕೈಯಲ್ಲಿ ಬಗ್ಗಿಸಿ ನೋಡಿ.

ಈಗ ಕ್ರಮಕ್ಕೆ ಬರೋಣ. ಮೊದಲು ಬ್ರೇಕರ್, ಆಮೇಲೆ ಐಸೋಲೇಟರ್, ಆಮೇಲೆ ಪರೀಕ್ಷೆ, ಕೊನೆಗೆ ಅರ್ಥ್. ಚಾರ್ಜ್ ಮಾಡುವಾಗ ಮೊದಲು ಅರ್ಥ್ ತೆಗೆದು, ಐಸೋಲೇಟರ್ ಹಾಕಿ, ಕೊನೆಗೆ ಬ್ರೇಕರ್. ಐಸೋಲೇಟರ್‌ನಲ್ಲಿ ಆರ್ಕ್ ನಂದಿಸುವ ಏರ್ಪಾಡು ಏನೂ ಇಲ್ಲ. ಅದು ಲೋಡ್ ಕಡಿಯುವ ಸಾಧನವೇ ಅಲ್ಲ. ಲೋಡ್ ಇರುವಾಗ ಎಳೆದರೆ ಬ್ಲೇಡ್ ಜತೆಗೇ ಬೆಂಕಿಯೂ ಉದ್ದವಾಗುತ್ತದೆ. ಪಕ್ಕದ ಫೇಸಿಗೆ ಹಾರಿದರೆ ಹ್ಯಾಂಡಲ್ ಹಿಡಿದವನ ತಲೆ ಮೇಲೇ ಸ್ಫೋಟ. ಆರ್ಕ್‌ನ ಬಿಸಿ ಸೂರ್ಯನ ಮೇಲ್ಮೈಗಿಂತ ಜಾಸ್ತಿ ಇರುತ್ತದೆ. ಆ ಹೊತ್ತಿನಲ್ಲಿ ಪಾಲಿಯೆಸ್ಟರ್ ಶರ್ಟ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಶಿಫ್ಟ್‌ಗೆ ದಪ್ಪ ಹತ್ತಿ ಬಟ್ಟೆ ಹಾಕಿಕೊಂಡು ಹೋಗಿ. ತೋಳು ಮಡಚಬೇಡಿ.

ಬ್ರೇಕರ್ ಟ್ರಿಪ್ ಕೊಟ್ಟ ಮೇಲೆ ಪ್ಯಾನೆಲ್‌ನ ಹಸಿರು ದೀಪ ನೋಡಿ ಯಾರ್ಡ್‌ಗೆ ಓಡಬೇಡಿ. ಮೂರೂ ಫೇಸಿನ ಆಂಪಿಯರ್ ಸೊನ್ನೆಗೆ ಬಂತಾ ನೋಡಿ. ಬ್ರೇಕರ್ ಹತ್ತಿರ ಹೋಗಿ ಅದರ ಮೈಮೇಲಿನ ಆನ್-ಆಫ್ ಗುರುತು ನೋಡಿ. ಕಂಟ್ರೋಲ್ ರೂಮಿನಿಂದ ಹಾಕಲು ಆಗದಂತೆ ಸ್ವಿಚ್ಚನ್ನು ಲೋಕಲ್‌ಗೆ ಹಾಕಿ. ಆಮೇಲೆ ಐಸೋಲೇಟರ್. ತೆಗೆದ ಮೇಲೆ ತಲೆ ಎತ್ತಿ ಮೂರು ಬ್ಲೇಡ್ ಎಣಿಸಿ. ಇದನ್ನು ಒತ್ತಿ ಹೇಳುತ್ತೇನೆ. ಹ್ಯಾಂಡಲ್ ಪೂರ್ತಿ ತಿರುಗಿರುತ್ತದೆ, ಎರಡು ಫೇಸ್ ತೆರೆದಿರುತ್ತವೆ. ಮೂರನೆಯದು ಪೈಪ್ ಸ್ಲಿಪ್ ಆಗಿ ಅರ್ಧಕ್ಕೆ ನಿಂತಿರುತ್ತದೆ. ರಾತ್ರಿ ಆದರೆ ಟಾರ್ಚ್ ಬಿಟ್ಟು ಒಂದೊಂದಾಗಿ ನೋಡಿ. ನೋಡಿ ಆದಮೇಲೆ ಹ್ಯಾಂಡಲ್‌ಗೆ ಬೀಗ, ಬೀಗದ ಕೀ ನಿಮ್ಮ ಹತ್ತಿರ. ಬ್ರೇಕರ್ ಸ್ವಿಚ್ ಮೇಲೆ "ಜನ ಕೆಲಸ ಮಾಡುತ್ತಿದ್ದಾರೆ, ಹಾಕಬೇಡಿ" ಅನ್ನೋ ಬೋರ್ಡ್.

ಅರ್ಥ್ ಹಾಕುವ ಮುಂಚೆ ವೋಲ್ಟೇಜ್ ಡಿಟೆಕ್ಟರ್. ಡಿಟೆಕ್ಟರ್ ಕೂಗಲಿಲ್ಲ ಅಂದರೆ ಎರಡು ಅರ್ಥ ಬರುತ್ತದೆ: ಲೈನ್ ಸತ್ತಿರಬಹುದು, ಇಲ್ಲಾ ಡಿಟೆಕ್ಟರ್ ಕೆಟ್ಟಿರಬಹುದು. ಅದಕ್ಕೇ ಮೊದಲು ಚಾಲೂ ಇರುವ ಕಡೆ ಹಿಡಿದು ಕೂಗುತ್ತದಾ ನೋಡಿ, ಆಮೇಲೆ ಕೆಲಸದ ಲೈನಿಗೆ ಹಿಡಿಯಿರಿ, ಮತ್ತೆ ಚಾಲೂ ಇರುವ ಕಡೆ ಹಿಡಿದು ನೋಡಿ. ಮೂರು ಸಲ. ಬ್ಯಾಟರಿ ಮಧ್ಯದಲ್ಲೇ ಮುಗಿದಿದ್ದರೆ ಮೂರನೇ ಸಲ ಗೊತ್ತಾಗುತ್ತದೆ.

ಡಿಸ್ಚಾರ್ಜ್ ರಾಡ್ (ಮೇಲೆ ಹೇಳಿದ ಅರ್ಥ್ ಮಾಡುವ ರಾಡ್) ಹಾಕುವಾಗ ಮೊದಲು ಅರ್ಥ್ ಕಡೆಯ ಕ್ಲಾಂಪ್ ಬಿಗಿ ಮಾಡಿ, ಆಮೇಲೆ ಲೈನ್ ಕಡೆ. ತೆಗೆಯುವಾಗ ಮೊದಲು ಲೈನ್ ಕಡೆ, ಕೊನೆಗೆ ಅರ್ಥ್ ಕಡೆ. ತಿರುಗಾಮುರುಗಾ ಮಾಡಿದರೆ ಆ ಲೀಡ್ ಲೈನಿನ ವೋಲ್ಟೇಜನ್ನು ಸೀದಾ ನಿಮ್ಮ ಕೈಗೆ ತಂದುಕೊಡುತ್ತದೆ. ಕೆಲಸದ ಜಾಗದ ಎರಡೂ ಪಕ್ಕ ಹಾಕಬೇಕು. ಒಂದೇ ಫೇಸಿಗೆ ಹಾಕಿ "ಸಾಕು ಬಿಡು" ಅನ್ನೋರಿದ್ದಾರೆ, ಮೂರೂ ಫೇಸಿಗೆ ಹಾಕಬೇಕು. ಜಂಪರ್ (ಲೈನಿನ ಎರಡು ತುಂಡುಗಳನ್ನು ಸೇರಿಸುವ ತಂತಿ) ಬಿಚ್ಚುವ ಕೆಲಸ ಇದ್ದರೆ ಇನ್ನೂ ಹುಷಾರು. ಬಿಚ್ಚಿದ ತಕ್ಷಣ ಒಂದು ಕಡೆಯ ಅರ್ಥ್ ಕಳಚಿ ಹೋಗುತ್ತದೆ. ಬಿಚ್ಚುವ ಮುಂಚೆಯೇ ಎರಡೂ ತುಂಡಿಗೆ ಬೇರೆಬೇರೆ ಅರ್ಥ್ ಇರಬೇಕು.

11 ಕೆವಿ ಒಳಾಂಗಣ ಪ್ಯಾನೆಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೀವು ದಿನಾ ಕೈ ಹಾಕುವುದು ಅದಕ್ಕೇ, ಮೋಸ ಜಾಸ್ತಿ ಇರುವುದೂ ಅಲ್ಲೇ. ಟ್ರಾಲಿ ಹೊರಗೆ ಬಂತು, ಮುಂದೆ ಖಾಲಿ ಗೂಡು ಕಾಣುತ್ತದೆ, ಎಲ್ಲಾ ಸತ್ತ ಹಾಗೆ ಅನಿಸುತ್ತದೆ. ಆದರೆ ಗೂಡಿನ ಒಳಗೆ ಶಟರ್ ಹಿಂದೆ ಎರಡು ಸಾಲು ಕಾಂಟ್ಯಾಕ್ಟ್ ಇವೆ. ಒಂದು ಬಸ್ ಕಡೆಯದು. ಬಸ್ ಚಾಲೂ ಇದ್ದರೆ ಅದೂ ಚಾಲೂ. ಇನ್ನೊಂದು ಕೇಬಲ್ ಕಡೆಯದು. ಲೈನಿನಿಂದ ಕರೆಂಟ್ ವಾಪಸ್ ಬಂದರೆ ಅದೂ ಚಾಲೂ. ಶಟರ್ ಅನ್ನು ಕೋಲಿನಿಂದ ಎತ್ತಿ ಒಳಗೆ ಇಣುಕುವುದು, ಬಟ್ಟೆ ಹಾಕಿ ಒರೆಸುವುದು ಬೇಡವೇ ಬೇಡ. ಹಿಂದಿನ ಬಾಗಿಲೂ ಹಾಗೇ. ಎಲ್ಲಾ ಪ್ಯಾನೆಲ್‌ಗಳ ಹಿಂಭಾಗ ನೋಡಲು ಒಂದೇ ಥರ. ಎಲ್‌ಸಿ ಇರುವುದು ನಾಲ್ಕನೇ ಪ್ಯಾನೆಲ್‌ಗೆ, ಹಿಂದೆ ಹೋಗಿ ಎಣಿಸುವಾಗ ಎಡಬಲ ತಿರುಗಿಬಿಡುತ್ತದೆ, ಬೋಲ್ಟ್ ಬಿಚ್ಚಿದ್ದು ಪಕ್ಕದ್ದಕ್ಕೆ. ಹಿಂದೆಯೂ ಫೀಡರ್ ಹೆಸರು, ನಂಬರ್ ದೊಡ್ಡದಾಗಿ ಬರೆಸಿ. ಪೇಂಟ್‌ಗೆ ಕಾಯಬೇಡಿ, ಸದ್ಯಕ್ಕೆ ಸೀಮೆಸುಣ್ಣದಲ್ಲಾದರೂ ಬರೆಯಿರಿ. ಬ್ಯಾಂಕ್ ಪ್ಯಾನೆಲ್ (ಟ್ರಾನ್ಸ್‌ಫಾರ್ಮರ್‌ನಿಂದ ಕರೆಂಟ್ ಒಳಗೆ ಬರುವ ಪ್ಯಾನೆಲ್) ಆದರೆ ಇನ್ನೊಂದು ಮಾತು. 11 ಕೆವಿ ಬ್ಯಾಂಕ್ ಬ್ರೇಕರ್ ಆಫ್ ಮಾಡಿ ಟ್ರಾಲಿ ಎಳೆದರೂ ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಕೇಬಲ್ ಚಾಲೂ ಇರುತ್ತದೆ. 66 ಕೆವಿ ಕಡೆಯೂ ತೆಗೆದು ಅರ್ಥ್ ಮಾಡಿದ ಮೇಲೆಯೇ ಹಿಂದಿನ ಬಾಗಿಲು ಬಿಚ್ಚಬೇಕು. ಬಸ್ ಕಪ್ಲರ್ ಇದ್ದರೆ ಎರಡನೇ ಬ್ಯಾಂಕ್‌ನಿಂದ ಬರುವ ದಾರಿಯನ್ನೂ ನೆನಪಿಡಿ.

ಕೆಪಾಸಿಟರ್ ಬ್ಯಾಂಕ್ ಆಫ್ ಮಾಡಿದ ತಕ್ಷಣ ಮುಟ್ಟಬಾರದು. ಒಳಗಿನ ರೆಸಿಸ್ಟರ್‌ಗಳು ಚಾರ್ಜ್ ಇಳಿಸಲು ಹತ್ತು ನಿಮಿಷವಾದರೂ ಬಿಡಿ, ಆಮೇಲೆ ಒಂದೊಂದನ್ನೂ ಶಾರ್ಟ್ ಮಾಡಿ ಅರ್ಥ್ ಮಾಡಿ. ನ್ಯೂಟ್ರಲ್ ಕಡೆಯನ್ನೂ ಬಿಡಬೇಡಿ. ಇನ್ನು ಸಿಟಿ (ಮೀಟರ್, ರಿಲೇಗಳಿಗಾಗಿ ಕರೆಂಟ್ ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರ್) ಸೆಕೆಂಡರಿಯನ್ನು ಲೋಡ್ ಇರುವಾಗ ಯಾವತ್ತೂ ಓಪನ್ ಮಾಡಬಾರದು. ಪ್ರೈಮರಿ ಕರೆಂಟ್ ಹರಿಯುತ್ತಲೇ ಇರುತ್ತದೆ, ಅದನ್ನು ಸರಿದೂಗಿಸುವ ಸೆಕೆಂಡರಿ ಕರೆಂಟ್ ಇರುವುದಿಲ್ಲ. ಆಗ ಆ ಸಣ್ಣ ಟರ್ಮಿನಲ್‌ನಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಮೀಟರ್ ಬಿಚ್ಚುವ ಮುಂಚೆ ಶಾರ್ಟಿಂಗ್ ಲಿಂಕ್ ಹಾಕಿ.

ಗ್ಲೌಸ್ ಪ್ರಶ್ನೆಗೆ ಬರುತ್ತೇನೆ. ಸಾಲದು. ಜಿಒಎಸ್ ಎಳೆಯುವಾಗ, ಡಿಸ್ಚಾರ್ಜ್ ರಾಡ್ ಹಿಡಿಯುವಾಗ, ಟ್ರಾಲಿ ತಳ್ಳುವಾಗ ಗ್ಲೌಸ್ ಬೇಕೇ ಬೇಕು. ಆದರೆ ಅದು ಏನಾದರೂ ತಪ್ಪಿದರೆ ಇರಲಿ ಅನ್ನೋ ಎರಡನೇ ರಕ್ಷಣೆ, ಚಾಲೂ ಲೈನ್ ಮುಟ್ಟಲು ಸಿಕ್ಕ ಪರವಾನಗಿ ಅಲ್ಲ. ರಬ್ಬರ್ ಗ್ಲೌಸ್‌ನಲ್ಲಿ ಕ್ಲಾಸ್ ಇದೆ. ಕ್ಲಾಸ್ 0 ಇರುವುದು 1,000 ವೋಲ್ಟ್‌ವರೆಗೆ, ಕ್ಲಾಸ್ 2 ಇರುವುದು 17,000 ವೋಲ್ಟ್‌ವರೆಗೆ. ನಿಮ್ಮ ಸ್ಟೇಷನ್ ಬೀರುವಿನಲ್ಲಿರುವುದು ಯಾವ ಕ್ಲಾಸ್? ಇವತ್ತೇ ತೆಗೆದು ಓದಿ. ಕ್ಲಾಸ್, ಟೆಸ್ಟ್ ಆದ ದಿನಾಂಕ ಎರಡೂ ಅಳಿಸಿ ಹೋಗಿದ್ದರೆ ಅದು ಅಡುಗೆಮನೆ ಗ್ಲೌಸ್ ಅಂತಲೇ ತಿಳಿಯಿರಿ. 66 ಕೆವಿಗೆ ಆಗುವ ಗ್ಲೌಸ್ ಅಂತೂ ಇಲ್ಲವೇ ಇಲ್ಲ. ಹಾಕಿಕೊಳ್ಳುವ ಮುಂಚೆ ಪ್ರತಿ ಸಲ ಬಾಯಿ ಕಡೆಯಿಂದ ಸುರುಳಿ ಸುತ್ತಿ ಗಾಳಿ ಹಿಡಿದು, ಕೆನ್ನೆ ಹತ್ತಿರ ತಂದು ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಸೋರುವುದು ಗೊತ್ತಾಗುತ್ತದೆ. ಪ್ಯಾನೆಲ್ ಮುಂದಿನ ರಬ್ಬರ್ ಮ್ಯಾಟ್‌ಗೂ ದರ್ಜೆ ಇದೆ. ಭಾರತೀಯ ಮಾನಕ ಐಎಸ್ 15652 ಪ್ರಕಾರ 11 ಕೆವಿಗೆ ಬಿ ದರ್ಜೆ, ದಪ್ಪ 2.5 ಮಿಲಿಮೀಟರ್. ಚೂಪು ಬೋಲ್ಟ್ ಸಿಕ್ಕಿ ಹರಿದ ಮ್ಯಾಟ್ ಮೇಲೆ ನಿಂತರೂ ಒಂದೇ, ಬರೀ ನೆಲದ ಮೇಲೆ ನಿಂತರೂ ಒಂದೇ.

66 ಕೆವಿಯನ್ನು ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಸಾಕು. ಯಾರ್ಡ್‌ನಲ್ಲಿ ಮನುಷ್ಯ ಕೆಲಸ ಮಾಡುವ ಜಾಗಕ್ಕೂ ಚಾಲೂ ಭಾಗಕ್ಕೂ ಇರಬೇಕಾದ ಕನಿಷ್ಠ ಅಂತರ 11 ಕೆವಿಗೆ 2.6 ಮೀಟರ್, 66 ಕೆವಿಗೆ 3.1 ಮೀಟರ್, 220 ಕೆವಿಗೆ 4.3 ಮೀಟರ್ ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳ ಪಟ್ಟಿಯಲ್ಲಿದೆ. ನೆಲದ ಮೇಲೆ ನಡೆಯುವವನಿಗೆ ಈ ಅಂತರ ತಾನಾಗಿಯೇ ಸಿಗುತ್ತದೆ. ಹೋಗುವುದು ಯಾವಾಗ? ಏಣಿ ಇಟ್ಟಾಗ, ಉದ್ದನೆಯ ಪೈಪ್ ಹೆಗಲ ಮೇಲೆ ಹೊತ್ತಾಗ, ಕ್ರೇನ್ ಕೈ ಚಾಚಿದಾಗ, ಮಳೆಗೆ ಕೊಡೆ ಬಿಚ್ಚಿದಾಗ. ಕಬ್ಬಿಣದ ಏಣಿ ಯಾರ್ಡ್ ಒಳಗೆ ಬರಲೇಬಾರದು. ಬಿದಿರು, ಫೈಬರ್ ಏಣಿಯನ್ನೂ ಅಡ್ಡ ಮಲಗಿಸಿ, ಹಿಂದೆ ಮುಂದೆ ಇಬ್ಬರು ಹಿಡಿದು ತರಬೇಕು. ಪಕ್ಕದ ಬೇ (ಇನ್ನೊಂದು ಲೈನಿನ ಉಪಕರಣಗಳ ಸಾಲು) ಚಾಲೂ ಇದ್ದರೆ ಎಲ್‌ಸಿ ಇರುವ ಜಾಗದ ಸುತ್ತ ಹಗ್ಗ ಕಟ್ಟಿ. ಕಾಂಟ್ರ್ಯಾಕ್ಟ್ ಕೆಲಸದವರು ಬಂದರೆ ಅವರನ್ನು ಕರೆದುಕೊಂಡು ಹೋಗಿ ಇದು ಸತ್ತಿದೆ, ಅದು ಚಾಲೂ ಇದೆ ಅಂತ ಕೈ ತೋರಿಸಿ ಹೇಳಿ. ಬಣ್ಣ ಬಳಿಯಲು ಬಂದ ಹುಡುಗನಿಗೆ ಎರಡೂ ಒಂದೇ ಥರ ಕಾಣುತ್ತವೆ.

ಯಾರ್ಡ್‌ಗೆ ಹಾಸಿರುವ ಜಲ್ಲಿ ಚಂದಕ್ಕಲ್ಲ. ಫಾಲ್ಟ್ ಆದಾಗ ಸಾವಿರಾರು ಆಂಪಿಯರ್ ನೆಲಕ್ಕೆ ಇಳಿಯುತ್ತದೆ. ಆಗ ನಿಮ್ಮ ಒಂದು ಕಾಲಿನ ಕೆಳಗಿನ ನೆಲಕ್ಕೂ ಇನ್ನೊಂದು ಕಾಲಿನ ಕೆಳಗಿನ ನೆಲಕ್ಕೂ ವೋಲ್ಟೇಜ್ ವ್ಯತ್ಯಾಸ ಬರುತ್ತದೆ. ಜಲ್ಲಿ ಪದರ ನಿಮ್ಮ ಕಾಲಿಗೂ ಮಣ್ಣಿಗೂ ನಡುವೆ ಅಡ್ಡ ನಿಲ್ಲುತ್ತದೆ. ಮಳೆಗಾಲದಲ್ಲಿ ಜಲ್ಲಿ ನಡುವೆ ಹುಲ್ಲು ಬೆಳೆದು, ಮಣ್ಣು ತುಂಬಿ ಹೂತುಹೋದರೆ ಅದರ ಕೆಲಸ ನಿಂತಂತೆ. ಹುಲ್ಲು ಕೀಳಿಸುವುದನ್ನು ಹಾವಿನ ಭಯಕ್ಕೆ ಮಾಡಿಸುತ್ತಾರೆ, ಅದೂ ಸರಿಯೇ. ತಂತಿ ನೆಲಕ್ಕೆ ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಈಗಾಗಲೇ ಹತ್ತಿರ ಇದ್ದರೆ ಓಡಬೇಡಿ. ಎರಡೂ ಕಾಲು ಜೋಡಿಸಿ, ನೆಲದಿಂದ ಎತ್ತದೆ ಸಣ್ಣಸಣ್ಣಗೆ ಜರುಗಿಸುತ್ತ ಹೊರಗೆ ಬನ್ನಿ.

ಬ್ಯಾಟರಿ ರೂಮನ್ನು ಯಾರೂ ಸುರಕ್ಷತೆಯ ಲೆಕ್ಕಕ್ಕೆ ತಗೊಳ್ಳಲ್ಲ. ಆ ಡಿಸಿ ಸಪ್ಲೈ ಇಲ್ಲದಿದ್ದರೆ ರಿಲೇ ಕೂಗುವುದಿಲ್ಲ, ಬ್ರೇಕರ್ ಟ್ರಿಪ್ ಆಗುವುದಿಲ್ಲ. ಮೇಲೆ ಹೇಳಿದ ಅರ್ಥ್ ಮನುಷ್ಯನನ್ನು ಉಳಿಸುವುದು ಬ್ರೇಕರ್ ಟ್ರಿಪ್ ಆದರೆ ಮಾತ್ರ. ಹಾಗಾಗಿ ಶಿಫ್ಟ್ ತಗೊಂಡ ಕೂಡಲೇ ಡಿಸಿ ವೋಲ್ಟೇಜ್ ನೋಡಿ ಬರೆಯಿರಿ. ಹಿಂದಿನ ಶಿಫ್ಟಿನ ಅಂಕಿ ನಕಲು ಮಾಡಬೇಡಿ.

ಇನ್ನು ಫೋನ್ ಎಲ್‌ಸಿ. ಸ್ಟೇಷನ್ ಕೆಪಿಟಿಸಿಎಲ್‌ನದು, ಫೀಡರ್ ಬೆಸ್ಕಾಂನದು. ಕೇಳುವವನು ಹದಿನೈದು ಕಿಲೋಮೀಟರ್ ಆಚೆ ಹೊಲದಲ್ಲಿ ನಿಂತಿರುತ್ತಾನೆ. ಬರವಣಿಗೆಯಲ್ಲೇ ಕೊಡಿ ಅಂದರೆ ಕೆಲಸ ನಡೆಯುವುದಿಲ್ಲ ಅನ್ನೋದು ನನಗೂ ಗೊತ್ತು. ಸಿಬ್ಬಂದಿ ಕೈಯಿಂದ ಎಲ್‌ಸಿ ಪುಸ್ತಕದಲ್ಲಿ ಸಹಿ ಬಂದರೆ ಅದೇ ಒಳ್ಳೆಯದು. ಫೋನಿನಲ್ಲೇ ಕೊಡುವುದಾದರೆ ಅದನ್ನು ಮಾತುಕತೆ ಥರ ಮಾಡಬೇಡಿ. "ಅಣ್ಣಾ ಹೊಸಹಳ್ಳಿ ತೆಗಿ" ಅಂದರೆ ಎಲ್‌ಸಿ ಅಲ್ಲ. ಯಾವ ಹೊಸಹಳ್ಳಿ? ತಾಲೂಕಿಗೆ ಎರಡು ಮೂರು ಇರುತ್ತವೆ. ಫೀಡರ್ ಹೆಸರು, ನಂಬರ್, ಕೆಲಸದ ಜಾಗ, ಕೇಳುವವರ ಹೆಸರು, ಹುದ್ದೆ, ಸಮಯ ಎಲ್ಲವನ್ನೂ ಅವರು ಹೇಳಬೇಕು, ನೀವು ಬರೆಯಬೇಕು. ಬರೆದದ್ದನ್ನು ನೀವು ಓದಿ ಹೇಳಬೇಕು, ಅವರು ಹೌದು ಅನ್ನಬೇಕು. ಆಮೇಲೆ ಬ್ರೇಕರ್ ತೆಗೆದು, ಎಲ್‌ಸಿ ನಂಬರ್ ಕೊಡಿ. ಅವರು ಆ ನಂಬರನ್ನು ವಾಪಸ್ ಓದಿ ಹೇಳಲಿ. ವಾಪಸ್ ಕೊಡುವಾಗ ಅದೇ ನಂಬರ್, ಅದೇ ದನಿ. ಪರಿಚಯದ ಪವರ್‌ಮ್ಯಾನ್‌ನ ಹೆಂಡತಿ, ಮಗ, ಪಕ್ಕದ ಅಂಗಡಿಯವನು ಫೋನ್ ಮಾಡಿ "ಕೆಲಸ ಆಯ್ತಂತೆ ಹಾಕಿ" ಅಂದರೆ ಹಾಕಬಾರದು. ಬಾವಿಗೆ ಇಳಿದವನೇ ಮೇಲೆ ಬಂದು ಹೇಳುವವರೆಗೆ ಹಗ್ಗ ಹಿಡಿದವನು ಜಾಗ ಬಿಡುವುದಿಲ್ಲ, ಹಾಗೆ.

ಸಮಯ ಹೇಳಿ ಎಲ್‌ಸಿ ತಗೊಳ್ಳುವವರೂ ಇದ್ದಾರೆ. "ನಾಲ್ಕು ಗಂಟೆಗೆ ನೀನೇ ಹಾಕಿಬಿಡು" ಅನ್ನುತ್ತಾರೆ. ಇದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ. ಗಡಿಯಾರಕ್ಕೆ ಕಂಬದ ಮೇಲೆ ಯಾರಿದ್ದಾರೆ ಅಂತ ಗೊತ್ತಿರಲ್ಲ. ಒಂದೇ ಫೀಡರ್‌ನಲ್ಲಿ ಎರಡು ಗ್ಯಾಂಗ್ ಕೆಲಸ ಮಾಡುತ್ತಿದ್ದರೆ ಎರಡು ಎಲ್‌ಸಿ, ಎರಡು ನಂಬರ್, ಬ್ರೇಕರ್ ಮೇಲೆ ಎರಡು ಬೋರ್ಡ್. ಒಬ್ಬರು ವಾಪಸ್ ಕೊಟ್ಟರೆ ಒಂದು ಬೋರ್ಡ್ ಮಾತ್ರ ತೆಗೆಯಿರಿ. ಶಿಫ್ಟ್ ಬದಲಾಗುವಾಗ ಬಾಕಿ ಇರುವ ಎಲ್‌ಸಿಗಳನ್ನು ಕೆಂಪು ಶಾಯಿಯಲ್ಲಿ ಬರೆದು, ಬೀಗದ ಕೀ ಕೈಗೆ ಕೊಟ್ಟು, ಬ್ರೇಕರ್ ಮುಂದೆ ನಿಂತು ತೋರಿಸಿ ಹೋಗಿ. ಬಸ್ಸಿಗೆ ಲೇಟಾಯ್ತು ಅಂತ ಗೇಟ್ ಹತ್ತಿರ ಕೂಗಿ ಹೇಳಿ ಹೋಗಬಾರದು.

ಯಾರಿಗಾದರೂ ಶಾಕ್ ಹೊಡೆದರೆ ಒಣಗಿದ ಕೋಲಿನಿಂದ ಬಿಡಿಸಿ ಅನ್ನೋ ಮಾತು ಮನೆಯ 230 ವೋಲ್ಟ್‌ಗೆ ಸರಿ. 11 ಕೆವಿಗೆ ಆ ಕೋಲು ತಂತಿಯಷ್ಟೇ ಅಪಾಯ. ಮೊದಲು ಸಪ್ಲೈ ತೆಗೆದು, ತೆಗೆದದ್ದು ಖಾತ್ರಿ ಆದಮೇಲೆ ಹತ್ತಿರ ಹೋಗಿ. 108ಕ್ಕೆ ಫೋನ್ ಮಾಡಿಸಿ. ಉಸಿರಿಲ್ಲ, ಸ್ಪಂದನೆ ಇಲ್ಲ ಅಂದರೆ ಎದೆಯ ನಡುವೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ, ಐದು ಸೆಂಟಿಮೀಟರ್‌ನಷ್ಟು ಆಳಕ್ಕೆ ಒತ್ತಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕೂತು "ಏನೂ ಆಗಿಲ್ಲ" ಅಂದರೂ ಆಸ್ಪತ್ರೆಗೆ ಕಳಿಸಿ. ಹೈ ವೋಲ್ಟೇಜ್ ಶಾಕ್‌ನಲ್ಲಿ ಹೊರಗೆ ಸಣ್ಣ ಗಾಯ, ಒಳಗೆ ದೊಡ್ಡ ಸುಟ್ಟ ಗಾಯ ಇರುತ್ತದೆ.

ಕೊನೆಗೆ, ಒತ್ತಡ. ಸಂಜೆ ಆರು ಗಂಟೆಗೆ ಫೀಡರ್ ಬಂದ್ ಇದ್ದರೆ ಊರವರು ಬೈಯುತ್ತಾರೆ, ಸಾಹೇಬರಿಗೆ ಮೇಲಿಂದ ಫೋನ್ ಬರುತ್ತದೆ, ಅವರು ನಿಮಗೆ ಮಾಡುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ, ವಾದಕ್ಕೂ ಇಳಿಯಬೇಡಿ. ಒಂದೇ ಮಾತು ಹೇಳಿ: "ಸರ್, ಎಲ್‌ಸಿ ಇಂಥವರ ಹೆಸರಲ್ಲಿದೆ, ಅವರು ವಾಪಸ್ ಕೊಟ್ಟಿಲ್ಲ. ಅವರಿಂದ ಒಂದು ಫೋನ್ ಮಾಡಿಸಿ, ತಕ್ಷಣ ಹಾಕುತ್ತೇನೆ." ಆಮೇಲೆ ಲಾಗ್‌ಬುಕ್‌ನಲ್ಲಿ ಎಷ್ಟು ಗಂಟೆಗೆ ಯಾರು ಫೋನ್ ಮಾಡಿದರು, ನೀವೇನು ಹೇಳಿದಿರಿ ಅಂತ ಎರಡು ಸಾಲು ಬರೆಯಿರಿ. ಬರೆದಿದ್ದೀನಿ ಸರ್ ಅಂತ ಅವರಿಗೂ ಹೇಳಿ. ಕಾನೂನು ನಿಮ್ಮ ಕಡೆಗಿದೆ. ಯಾವುದೇ ಕಂಡಕ್ಟರ್ ಮುಟ್ಟುವ ಮುಂಚೆ ಅರ್ಥ್ ಮಾಡಿ ಡಿಸ್ಚಾರ್ಜ್ ಮಾಡಬೇಕು, ಜನ ಕೆಲಸ ಮಾಡುವಾಗ ಅದು ಆಕಸ್ಮಿಕವಾಗಿ ಚಾರ್ಜ್ ಆಗದಂತೆ ನೋಡಿಕೊಳ್ಳಬೇಕು ಅನ್ನೋದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲೇ ಇದೆ. ಈಗ ಜಾರಿಯಲ್ಲಿರುವುದು 2023ರ ನಿಯಮಗಳು.

ಅದೇ ನಿಯಮಗಳಲ್ಲಿ ಏಜೆನ್ಸಿ ಹುಡುಗರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ವಿದ್ಯುತ್ ಉಪಕರಣಗಳನ್ನು ಆಪರೇಟ್ ಮಾಡುವವರನ್ನು ಹೆಸರು ಹಿಡಿದು ನೇಮಿಸಬೇಕು, ಅವರ ಪಟ್ಟಿ ಇಟ್ಟಿರಬೇಕು. ನಿಮ್ಮ ಹೆಸರು ಆ ಪಟ್ಟಿಯಲ್ಲಿ ಇದೆಯಾ? ಗೊತ್ತಿಲ್ಲದಿದ್ದರೆ ಈ ವಾರವೇ ಸ್ಟೇಷನ್ ಇಂಜಿನಿಯರ್ ಹತ್ತಿರ ಬರವಣಿಗೆಯಲ್ಲಿ ಕೇಳಿ, ಅದರ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹೆಸರು ಸೇರುವವರೆಗೆ ಸ್ವಿಚಿಂಗ್ ಅನ್ನು ಪಟ್ಟಿಯಲ್ಲಿರುವವರೇ ಮಾಡಲಿ, ನೀವು ಪಕ್ಕದಲ್ಲಿ ನಿಂತು ಬ್ಲೇಡ್ ಎಣಿಸಿ.